ಎರಡೇ ಮುದ್ದೆ

ನಮ್ಮ ಶೀಳನೆರೆಯ ಕಡೆ ಬೀಗರೂಟ ಮುಗಿಸಿ ಬಂದವರು ಮನೆಯಲ್ಲಿ ಒಪ್ಪಿಸುವ ವರದಿ ಒಂದೇ: ‘ಜಾಸ್ತಿ ಏನಿಲ್ಲ, ಎರಡೇ ಮುದ್ದೆ.’ ಸುಳ್ಳಲ್ಲ, ಎಣಿಸಿದರೆ ಎರಡೇ. ಒಂದೊಂದರ ಗಾತ್ರ ಎಷ್ಟಿತ್ತೆಂದು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ರಾತ್ರಿ ಹೊಟ್ಟೆ ಕೇಳುತ್ತದೆ. ಎಂಜಿನಿಯರಿಂಗ್ ಓದಿದರೂ ತಲೆಗೆ ಹತ್ತದ ಈ ಲೆಕ್ಕವನ್ನು ನಾನು ಕಲಿತದ್ದು ಚಿಕ್ಕಪ್ಪನ ಜಗಲಿಯ ಮೇಲೆ, ಒಂದು ಡಬ್ಬಿ ಸುಟ್ಟು.

ಡಬ್ಬಿಯ ಹೆಸರು ಎಲೆಕ್ಟ್ರಾನಿಕ್ ಲೋಡ್. ಬ್ಯಾಟರಿಯಲ್ಲಿ ಎಷ್ಟು ಜೀವ ಇದೆಯೆಂದು ತಿಳಿಯಬೇಕಾದರೆ ಅದರಿಂದ ಕರೆಂಟು ಎಳೆದೆಳೆದು ಬರಿದು ಮಾಡಬೇಕು. ಹಳೆಯ ಕಾಲದ ರಿಪೇರಿಯವರು ಅದಕ್ಕೊಂದು ಹೆಡ್‌ಲೈಟ್ ಬಲ್ಬು ಕಟ್ಟುತ್ತಿದ್ದರು. ನನ್ನ ಡಬ್ಬಿಯಲ್ಲಿ ಬಲ್ಬಿನ ಜಾಗಕ್ಕೆ ಮಾಸ್‌ಫೆಟ್ ಎಂಬ ಕರಿ ಚಿಪ್ಪು. ಎಳೆದದ್ದನ್ನೆಲ್ಲ ಅದು ಶಾಖ ಮಾಡುತ್ತದೆ, ಫ್ಯಾನು ಆ ಶಾಖವನ್ನು ಹೊರಗೆ ಊದುತ್ತದೆ. ಡಬ್ಬಿಯ ಮೇಲೆ ಬರೆದಿತ್ತು: 200 ವೋಲ್ಟ್, 20 ಆಂಪ್, 150 ವ್ಯಾಟ್. ಮೊದಲೆರಡನ್ನು ಗುಣಿಸಿದರೆ 4000 ವ್ಯಾಟ್, ಅಂದರೆ ಎರಡು ಗೀಸರ್! ಅಂಗೈಯಗಲದ ಡಬ್ಬಿಗೆ ಅಷ್ಟು ತಾಕತ್ತು ಎಲ್ಲಿಂದ ಬರಬೇಕು? ಮೂರನೆಯ ಅಂಕಿಯೇ ಅಲ್ಲಿ ಯಜಮಾನ. ನಾನು ಓದಿದ್ದು ಮೊದಲೆರಡನ್ನೇ.

ಚಿಕ್ಕಪ್ಪನ ಯುಪಿಎಸ್ ಬ್ಯಾಟರಿ 12 ವೋಲ್ಟಿನದು, 150 ಆಂಪ್ ಅವರ್. ಅದರ ಮೇಲೆ ಬರೆದ ಸಾಮರ್ಥ್ಯ ಇಪ್ಪತ್ತು ಗಂಟೆಯ ಲೆಕ್ಕದ್ದು, ಹಾಗಾಗಿ 7.5 ಆಂಪ್ ಇಟ್ಟೆ. ಹನ್ನೆರಡು ಏಳೂವರೆಲಿ ತೊಂಬತ್ತು ವ್ಯಾಟ್. ಡಬ್ಬಿ ಹಗಲೆಲ್ಲ ಭಜನೆ ಮಾಡಿದಂತೆ ಗುಂಯ್‌ಗುಟ್ಟಿತು. ನನ್ನ ಕೀರ್ತಿ ಬೀದಿಗೆ ಹಬ್ಬಿತು.

ಮರುದಿನವೇ ಪಕ್ಕದ ಮನೆಯ ಹುಡುಗ ಎಲೆಕ್ಟ್ರಿಕ್ ಸ್ಕೂಟರ್ ತಳ್ಳಿಕೊಂಡು ಬಂದ. ‘ಅಣ್ಣ, ಪ್ಯಾಟೆಗೆ ಹೋದ್ರೆ ವಾಪಸ್ ತಳ್ಕೊಂಡೇ ಬರ್ಬೇಕು, ಒಸಿ ನೋಡಿ.’ ಅದರೊಳಗೆ 12 ವೋಲ್ಟಿನ ಐದು ಬ್ಯಾಟರಿ ಸಾಲಾಗಿ, ಒಟ್ಟು 60 ವೋಲ್ಟ್. ವೈರು ಸಿಕ್ಕಿಸಿದೆ. ಗುಂಡಿ ನಿನ್ನೆಯ 7.5ರಲ್ಲೇ ಇತ್ತು. ದೇವರಾಣೆಗೂ ನಾನದನ್ನು ಮುಟ್ಟಲಿಲ್ಲ. ತಪ್ಪಾದದ್ದೇ ಅಲ್ಲಿ.

ಅರವತ್ತು ಏಳೂವರೆಲಿ ನಾನೂರೈವತ್ತು. ಒಳ್ಳೆಯ ಲೋಡ್ ಆಗಿದ್ದರೆ ಗುಣಾಕಾರ ಮಾಡಿ ಕರೆಂಟು ತಾನೇ ಇಳಿಸುತ್ತಿತ್ತು, ಇಲ್ಲವೆ ‘ಆಗಲ್ಲ’ ಎಂದು ನಿಲ್ಲುತ್ತಿತ್ತು. ನನ್ನದು ಅಗ್ಗದ ಮಾಲು. ವೋಲ್ಟ್ ಮಿತಿಯೊಳಗಿದೆ, ಸರಿ. ಆಂಪ್ ಮಿತಿಯೊಳಗಿದೆ, ಸರಿ. ಎರಡನ್ನೂ ಗುಣಿಸಿ ನೋಡುವವರಿಲ್ಲ. ಹೀಟ್‌ಸಿಂಕಿನ ಶಾಖ ನೋಡುವ ಸೆನ್ಸರ್ ಏನೋ ಇತ್ತು. ಬಿಸಿ ಅಲ್ಲಿಗೆ ತಲುಪುವ ಮೊದಲೇ ಚಿಪ್ಪಿನ ತಿಥಿ ಆಗಿತ್ತು.

‘ಟಪ್’ ಅಂತೊಂದು ಸದ್ದು, ಹಿಂದೆಯೇ ಹೊಗೆ. ಚಿಕ್ಕಮ್ಮ ‘ಅಯ್ಯೋ, ಸಾರು ಸೀದೋಯ್ತು!’ ಎಂದು ಅಡುಗೆಮನೆಗೆ ಓಡಿದರು. ಒಲೆ ಹಚ್ಚಿಯೇ ಇರಲಿಲ್ಲ.

ಬಲ್ಬಿಗೂ ಮಾಸ್‌ಫೆಟ್‌ಗೂ ಸಾವಿನಲ್ಲೂ ವ್ಯತ್ಯಾಸವಿದೆ. ಬಲ್ಬು ಸತ್ತರೆ ತಂತಿ ಕಡಿದು ಬಾಗಿಲು ಮುಚ್ಚುತ್ತದೆ. ಮಾಸ್‌ಫೆಟ್ ಸಾಮಾನ್ಯವಾಗಿ ಒಳಗೇ ಬೆಸೆದುಕೊಂಡು, ಬಾಗಿಲು ಹಾರುಹೊಡೆದು ಸಾಯುತ್ತದೆ. ಆಮೇಲೆ ಬ್ಯಾಟರಿಗೆ ನೇರ ಶಾರ್ಟ್. ನನ್ನ ಪುಣ್ಯ, ವೈರಿನ ನಡುವೆ 15 ಆಂಪಿನ ಫ್ಯೂಸ್ ಇತ್ತು. ಏಳೂವರೆ ಆಂಪ್ ಹರಿಯುವಷ್ಟು ಹೊತ್ತೂ ಅದು ಸುಮ್ಮನೆ ಕೂತಿತ್ತು. ಶಾರ್ಟ್ ಆದ ಕೂಡಲೆ ಸುಟ್ಟು, ಹುಡುಗನ ಬ್ಯಾಟರಿಯನ್ನೂ ನಮ್ಮ ಜಗಲಿಯನ್ನೂ ಉಳಿಸಿತು.

ಚಿಕ್ಕಪ್ಪ ನನ್ನ ವಿವರಣೆ ಪೂರ್ತಿ ಕೇಳಿ, ಎಲೆಅಡಿಕೆ ಉಗಿದು ಬಂದು ಹೇಳಿದರು: ‘ಮುದ್ದೆ ಎಣಿಸ್ದೆ ಕಣ್ಲಾ ಮಗ, ಗಾತ್ರ ನೋಡ್ನಿಲ್ಲ.’

ಈಗ ಹೊಸ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: 12 ವೋಲ್ಟಿಗೆ ಹನ್ನೆರಡೂವರೆ ಆಂಪ್, 60 ವೋಲ್ಟಿಗೆ ಎರಡೂವರೆ. ಅದಕ್ಕಿಂತ ಒಂದು ತುತ್ತೂ ಜಾಸ್ತಿ ಬಡಿಸಬಾರದು.