ಮೊಬೈಲಿಲ್ಲದ ಭಾವ

ನಮ್ಮ ಭಾವ ಮೊಬೈಲ್ ಇಟ್ಟುಕೊಂಡಿಲ್ಲ. ಸಾಗರದ ಕಡೆಯ ಮದುವೆಮನೆಗಳಲ್ಲಿ ಅವರಿಗೆ ಇದರಿಂದಾಗಿಯೇ ಒಂದು ತೂಕ. "ಇವರ ಹತ್ರ ಮೊಬೈಲೇ ಇಲ್ಲ ಗೊತ್ತುಂಟಾ" ಎಂದು ಯಾರಾದರೂ ಪರಿಚಯಿಸಿದರೆ ಕೂತವರು ಕುರ್ಚಿ ಸ್ವಲ್ಪ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಭಾವ ಕವಳ ಮೆಲ್ಲುತ್ತ ಏನನ್ನೋ ಗೆದ್ದವರಂತೆ ನಗುತ್ತಾರೆ. ಸನ್ಯಾಸಿ ಅಂದಮೇಲೆ ಭಿಕ್ಷೆ ಹಾಕಲು ಗೃಹಸ್ಥನೊಬ್ಬ ಬೇಕಷ್ಟೆ. ಆ ಗೃಹಸ್ಥ ನಾನು.

ಅವರ ಬ್ಯಾಂಕ್ ಖಾತೆಗೆ ನನ್ನ ನಂಬರು, ಗ್ಯಾಸಿಗೆ ನನ್ನ ನಂಬರು, ಅಡಿಕೆ ಮಂಡಿಯವರ ಪುಸ್ತಕದಲ್ಲೂ ನನ್ನ ನಂಬರು. ಅಕ್ಕನ ಹತ್ತಿರ ಫೋನಿಲ್ಲವೇ ಅಂದರೆ, ಇದೆ, ಅದು ಅಕ್ಕನದು. ಸ್ವಲ್ಪ ಕಾಲ ಅವಳೇ ಭಾವನ ಗುಮಾಸ್ತಿಕೆ ಮಾಡಿ, ಒಂದು ದಿನ ಮಜ್ಜಿಗೆ ಕಡೆಯುತ್ತ ರಾಜೀನಾಮೆ ಕೊಟ್ಟಳು. ಆ ಹುದ್ದೆ ಮೈಸೂರಿನಲ್ಲಿ ತಣ್ಣಗೆ ಕೂತಿದ್ದ ನನ್ನ ಮೇಲೆ ಬಿತ್ತು. ಹೀಗಾಗಿ ಸಾಗರ ತಾಲೂಕಿನ ಚಾಲಿ ಅಡಿಕೆಯ ದರ ಏರಿದ್ದು, ಇಳಿದದ್ದು ನನಗೆ ನಮ್ಮ ಬೀದಿಯ ಹಾಲಿನ ದರಕ್ಕಿಂತ ಮೊದಲು ತಿಳಿಯುತ್ತದೆ.

ಮೊನ್ನೆ ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದೆ. ಫೋನು ಬಂತು. "ಸಾರ್, ಗ್ಯಾಸಿನವನು. ಓಟಿಪಿ ಹೇಳಿ." ಸಿಲಿಂಡರ್ ಇರುವುದು ಭಾವನ ಗೇಟಿನಲ್ಲಿ, ಸಂಖ್ಯೆ ಇರುವುದು ನನ್ನ ಜೇಬಿನಲ್ಲಿ, ನನ್ನ ಕತ್ತಿನ ಹತ್ತಿರ ಕತ್ತಿ. ಕನ್ನಡಕವಿಲ್ಲದ್ದರಿಂದ ಮೆಸೇಜನ್ನು ಕ್ಷೌರದವನೇ ಓದಿ ಹೇಳಬೇಕಾಯಿತು. ಅಲ್ಲಿಗೆ ಮುಗಿಯಿತೇ? ಗ್ಯಾಸಿನವನ ಕೈಯಿಂದ ಫೋನು ಭಾವನ ಕೈಗೆ ದಾಟಿತು. ಅವರ ಗೇಟಿನ ಬುಡದಲ್ಲಿ ಮಾತ್ರ ಎರಡು ಕಡ್ಡಿ ಟವರ್ ಸಿಗುತ್ತದೆ. ಸಿಕ್ಕಿದ್ದನ್ನು ಹಾಳುಮಾಡುವ ಜಾಯಮಾನ ಅವರದಲ್ಲ. "ಆರಾಮಾ? ಅಲ್ಲಿ ಮಳೆ ಹೆಂಗೆ? ನಮ್ಮಲ್ಲಿ ಔಷಧಿ ಹೊಡೆಯೂಕೆ ಒಂದು ದಿನ ಬಿಡ್ತಿಲ್ಲೆ ಮಾರಾಯ." ತೋಟದ ಕೊಳೆರೋಗದಿಂದ ಹಿಡಿದು ಎಮ್ಮೆ ಕರು ಹಾಕಿದ್ದರವರೆಗೆ ಎಲ್ಲ ಬಂತು. ಮೊಬೈಲಿನಲ್ಲಿ ಇಷ್ಟು ನೆಮ್ಮದಿಯಾಗಿ ಮಾತಾಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಚಾರ್ಜು, ಕರೆನ್ಸಿ ಎರಡೂ ಬೇರೆಯವರದಾದರೆ ನೆಮ್ಮದಿ ತಾನಾಗಿಯೇ ಬರುತ್ತದೋ ಏನೋ.

ಭಾವನದು ಹೊಸ ಹಠವಲ್ಲ, ಅದಕ್ಕೊಂದು ಸಮರ್ಥನೆಯೂ ಇದೆ. 1973ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಮಾರ್ಟಿನ್ ಕೂಪರ್ ಎಂಬಾತ ಕೆ.ಜಿ.ಗೂ ಮಿಕ್ಕಿ ಭಾರದ ಫೋನನ್ನು ಕೈಯಲ್ಲಿ ಹಿಡಿದು ಮೊದಲ ಕರೆ ಮಾಡಿದ್ದು ಎದುರಾಳಿ ಕಂಪನಿಯವನಿಗಂತೆ, ನಾವು ಗೆದ್ದೆವು ನೋಡು ಎಂದು ಹೇಳಲಿಕ್ಕೆ. ಇದನ್ನು ಯಾವುದೋ ಪುರವಣಿಯಲ್ಲಿ ಓದಿದಂದಿನಿಂದ ಭಾವನಿಗೆ ಬ್ರಹ್ಮಾಸ್ತ್ರ ಸಿಕ್ಕಂತಾಗಿದೆ. ಯಾರಾದರೂ ಪ್ರವಾಸದ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದ ಸುದ್ದಿ ಬಂದರೆ, "ಹುಟ್ಟುಗುಣ ಸುಟ್ರೂ ಹೋಗ್ತಿಲ್ಲೆ" ಎಂದು ಕೂಪರನನ್ನು ಎಳೆದು ತರುತ್ತಾರೆ.

ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಸುಖರಾಮ್ ಅವರೊಂದಿಗೆ ಮಾತಾಡಿ ಈ ಯುಗ ಉದ್ಘಾಟನೆಯಾದಾಗ, ಬಂದ ಕರೆ ಎತ್ತಿದರೂ ದುಡ್ಡು ಕೊಡಬೇಕಿತ್ತು. ಸೊಂಟದ ಬೆಲ್ಟಿಗೆ ಫೋನು ಸಿಕ್ಕಿಸಿಕೊಂಡ ದೊಡ್ಡ ಮನುಷ್ಯರು ಅದು ಬಡಿದುಕೊಂಡರೆ ಕಟ್ ಮಾಡಿ, ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೆ ಓಡುತ್ತಿದ್ದರು. ಆಗ ಮೊಬೈಲ್ ಬೇಡವೆಂದ ಭಾವ ಬುದ್ಧಿವಂತರೇ. ಮನೆಯಲ್ಲಿ ಲ್ಯಾಂಡ್‌ಲೈನಿತ್ತು, ಅದು ಸತ್ತರೆ ಅಂಚೆಯವನಿದ್ದ. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಅದೇ ವರ್ಷ ತಲೆಯ ಮೇಲೆ ದೀಪವಿದ್ದ ನೋಕಿಯಾ 1100 ಬಂದು ಕರೆಂಟಿಲ್ಲದ ಊರುಗಳ ಮನ ಗೆದ್ದಿತು. ಭಾವ ಮಾತ್ರ "ನನ್ನ ಹತ್ರ ಮೂರು ಸೆಲ್ಲಿನ ಬ್ಯಾಟರಿ ಇದ್ದು" ಎಂದು ಜಗಲಿಯ ಗೂಟದ ಕಡೆ ಕೈ ತೋರಿಸಿದರು. ಅವರು ಈಗಲೂ ಅಲ್ಲೇ ಇದ್ದಾರೆ. ಆದರೆ ಬೂತು ಜೆರಾಕ್ಸ್ ಅಂಗಡಿಯಾಯಿತು, ಲ್ಯಾಂಡ್‌ಲೈನು ತೀರಿಕೊಂಡಿತು, ಬ್ಯಾಂಕಿನವರು ಮುಖ ನೋಡಿ ನಂಬುವುದನ್ನು ಬಿಟ್ಟರು. ಇಪ್ಪತ್ತು ವರ್ಷದ ಹಿಂದೆ ಯಾರ ಹಂಗೂ ಇಲ್ಲದಿದ್ದ ಮನುಷ್ಯ ಕೂತಲ್ಲೇ ಕೂತು ಅರ್ಧ ಡಜನ್ ಜನರ ಹಂಗಿಗೆ ಬಿದ್ದರು. ಮೊಬೈಲ್ ಇಲ್ಲದವರೆಂದು ಈಗ ಯಾರೂ ಇಲ್ಲ. ಅದನ್ನು ಬೇರೆಯವರ ಜೇಬಿನಲ್ಲಿ ಇಟ್ಟವರಿದ್ದಾರೆ.

ಹಾಗೆಂದು ಜೇಬಿನಲ್ಲಿ ಇಟ್ಟುಕೊಂಡ ನಾನು ಸ್ವತಂತ್ರನೇ? ಯುಪಿಐ ಬಂದಮೇಲೆ ಪರ್ಸು ತೆಳ್ಳಗಾಗಿ, ಈಗ ಹಳೆಯ ರಸೀದಿಗಳ ವೃದ್ಧಾಶ್ರಮ. ದರ್ಶಿನಿಯಲ್ಲಿ ಮಸಾಲೆದೋಸೆಗೆ ಸ್ಕ್ಯಾನ್ ಮಾಡಿ, ಗಲ್ಲಾದ ಮೇಲಿನ ಡಬ್ಬಿ ದುಡ್ಡು ಬಂತೆಂದು ಕೂಗುವವರೆಗೆ ಕ್ಯಾಶಿಯರ್ ಮುಂದೆ ಜಾಮೀನಿಗೆ ಕಾದವನಂತೆ ನಿಂತಿರುತ್ತೇನೆ. ಇನ್ನು ನಂಬರುಗಳ ವಿಷಯ ಕೇಳಬೇಡಿ. ಹೆಂಡತಿಯ ನಂಬರು ಫೋನಿಗೆ ಗೊತ್ತು, ನನಗೆ ಗೊತ್ತಿಲ್ಲ.

ಭಾವನಿಗೆ ಗೊತ್ತು. ಅವರಿಗೆ ನೆಂಟರಿಷ್ಟರ ನಂಬರೆಲ್ಲ ಕಂಠಪಾಠ, ಮಗ್ಗಿಯ ಹಾಗೆ ರಾಗವಾಗಿ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಫೋನು ಚಾರ್ಜು ಮುಗಿದು ಕಣ್ಣು ಮುಚ್ಚಿದಾಗ ಜೊತೆಗೆ ಅವರಿದ್ದರು. ನಾನು ಚಾರ್ಜರ್ ಪಿನ್ನಿಗಾಗಿ ಕಂಬ ಕಂಬ ಸುತ್ತುತ್ತಿದ್ದರೆ ಅವರು ಪಕ್ಕದ ಬೆಂಚಿನ ಹುಡುಗನಲ್ಲಿ ಫೋನು ಕೇಳಿ, ಕನ್ನಡಕ ಮೇಲೇರಿಸಿ, ನನ್ನ ಹೆಂಡತಿಯ ಹತ್ತೂ ಅಂಕಿಗಳನ್ನು ಒತ್ತಿದರು. ಕರೆ ಹೋಯಿತು. ಅವಳು ಎತ್ತಲಿಲ್ಲ. ಗುರುತಿಲ್ಲದ ನಂಬರನ್ನು ಅವಳು ಎತ್ತುವುದೇ ಇಲ್ಲ. ಆ ಬುದ್ಧಿ ಹೇಳಿಕೊಟ್ಟವನು ನಾನೇ.

ಮನೆಗೆಲಸ ಮುಗಿಸಿ ಅವಳು ಆ ನಂಬರಿಗೆ ತಿರುಗಿಸಿದಾಗ ಹುಡುಗ ಭದ್ರಾವತಿ ದಾಟಿದ್ದನಂತೆ. "ಯಾರೋ ಪಂಚೆ ಉಟ್ಟ ಹಿರಿಯರು ಮೇಡಂ, ಬಹಳ ಧೈರ್ಯವಾಗಿದ್ರು. ಜೊತೆಗೆ ಇನ್ನೊಬ್ರು ಇದ್ರು, ಸತ್ತ ಫೋನನ್ನು ಉಜ್ಜುತ್ತಾ ಇದ್ರು" ಎಂದನಂತೆ.

"ಓ, ಅವರೇ ನಮ್ಮನೆಯವರು" ಎಂದಳಂತೆ ಇವಳು.