ವಿಂಡೆಕ್ಸ್ ಮೀಮಾಂಸೆ

ವಿಷಯ: 2016ರಲ್ಲಿ ತೆರೆಕಂಡ ‘ಮೈ ಬಿಗ್ ಫ್ಯಾಟ್ ಗ್ರೀಕ್ ವೆಡ್ಡಿಂಗ್ 2’ ಎಂಬ ಭಾಷ್ಯ. ಇದರ ಮೂಲಸೂತ್ರ 2002ರದು. ನಿಯಾ ವಾರ್ಡಲೋಸ್ ಒಬ್ಬರೇ ರಂಗದ ಮೇಲೆ ಆಡುತ್ತಿದ್ದ ಪ್ರಯೋಗ ಅದಕ್ಕೆ ಬೀಜ. ಸುಮಾರು 50 ಲಕ್ಷ ಡಾಲರಿನಲ್ಲಿ ತಯಾರಾದ ಆ ಚಿತ್ರ, ಅಮೆರಿಕದಲ್ಲಿ ಒಂದೇ ಒಂದು ವಾರಾಂತ್ಯವೂ ಗಳಿಕೆಯ ಪಟ್ಟಿಯ ತುದಿಗೇರದೆ ಅಲ್ಲಿಯೇ 24 ಕೋಟಿ ಡಾಲರ್ ದಾಟಿತು. ಇಷ್ಟು ದುಡಿದ ಸೂತ್ರಕ್ಕೆ ಭಾಷ್ಯ ಹುಟ್ಟಲು 14 ವರ್ಷ ಹಿಡಿಯಿತು. ವನವಾಸದ ಅವಧಿಯೂ ಅಷ್ಟೇ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಸಂಶಯ: ಮೂಲದಲ್ಲಿ ಹೊಟ್ಟೆ ಹುಣ್ಣಾಗಿಸಿದ ಶಿಕಾಗೊದ ಪೋರ್ತೊಕಾಲೊಸ್ ಮನೆತನ ಇಲ್ಲಿ ಬಿಟ್ಟುಬಿಟ್ಟು ನಗಿಸುವುದೇಕೆ?

ನೆಂಟರು ಹೆಚ್ಚಿದಷ್ಟೂ ನಗೆ ಹೆಚ್ಚೀತು ಎಂಬುದು ಪೂರ್ವಪಕ್ಷ. ಅದು ನಿಲ್ಲದು, ನೆಂಟರಿಗೆ ಎರಡರಲ್ಲೂ ಬರವಿಲ್ಲ. ಮೂಲದ ನಗೆ ಕೂತಿದ್ದದ್ದು ಸಣ್ಣಪುಟ್ಟ ವಸ್ತುಗಳಲ್ಲಿ. ವರನ ತಾಯಿ ತಂದ ಬಂಟ್ ಕೇಕಿನ ನಡುವೆ ತೂತು ಕಂಡು ಗಾಬರಿಬಿದ್ದ ವಧುವಿನ ತಾಯಿ ಮರಿಯಾ, ಅದರಲ್ಲೊಂದು ಹೂಕುಂಡ ಇಟ್ಟು ಮಾನ ಉಳಿಸುತ್ತಾಳೆ. ಉದ್ದಿನವಡೆಯ ತೂತನ್ನು ಪ್ರಶ್ನಿಸದೆ ನುಂಗುವ ನಮಗೆ ಈ ತಾತ್ವಿಕ ಬಿಕ್ಕಟ್ಟು ಹೊಳೆಯಲು ಕೊಂಚ ಧ್ಯಾನ ಬೇಕು. ವಧುವಿನ ತಂದೆ ಗಸ್ ಪಂಡಿತರು ಜಪಾನಿನ ಕಿಮೊನೋ ಪದವನ್ನೂ ಚಳಿಗಾಲದ ಗ್ರೀಕ್ ಪದದಿಂದ ಹುಟ್ಟಿಸುತ್ತಾರೆ. ಬೀಗರ ಮಿಲ್ಲರ್ ಎಂಬ ಹೆಸರಿನಲ್ಲಿ ಸೇಬು, ತಮ್ಮ ಹೆಸರಿನಲ್ಲಿ ಕಿತ್ತಳೆ ಕಂಡು, ಎಲ್ಲರೂ ಹಣ್ಣೇ ಎಂಬ ಅದ್ವೈತ ಸ್ಥಾಪಿಸುತ್ತಾರೆ. ನಿರುಕ್ತ ಬರೆದ ಯಾಸ್ಕನೂ ಇಷ್ಟು ಧೈರ್ಯ ಮಾಡಲಿಲ್ಲ. ಇನ್ನು ಕಿಟಕಿ ಗಾಜು ಒರೆಸುವ ವಿಂಡೆಕ್ಸ್ ಅವರ ಮತದಲ್ಲಿ ಸರ್ವರೋಗಹರ. ಮದುವೆಯ ದಿನ ವರನ ಮೊಡವೆಗೂ ಅದೇ ಮದ್ದು. ಪ್ರತ್ಯಕ್ಷ ಪ್ರಮಾಣವೂ ಸಿಕ್ಕಿತು.

ಸಿದ್ಧಾಂತ: ಪಾದ್ರಿ ಸಹಿ ಹಾಕದ್ದರಿಂದ ಗಸ್–ಮರಿಯಾ ಮದುವೆಯೇ ಊರ್ಜಿತವಲ್ಲ ಎಂಬುದು ಭಾಷ್ಯದ ಒಳ್ಳೆಯ ಎಳೆ. ಮೊಮ್ಮಗಳು ಕಾಲೇಜಿಗೆ ಹೊರಟ ವಯಸ್ಸಿನಲ್ಲಿ ಅಜ್ಜಿ, ‘ನನ್ನನ್ನು ಸರಿಯಾಗಿ ಕೇಳಿದರಷ್ಟೇ ಮದುವೆ’ ಎಂದು ಹಟ ಹಿಡಿಯುವಾಗ ಚಿತ್ರಕ್ಕೆ ಜೀವ ಬರುತ್ತದೆ. ಆದರೆ ಅದೇ ಒಲೆಯ ಮೇಲೆ ಮೊಮ್ಮಗಳ ಕಾಲೇಜು, ಮಗಳು–ಅಳಿಯನ ದಣಿದ ದಾಂಪತ್ಯ, ಅಲೆಕ್ಸಾಂಡರ್‌ವರೆಗೆ ಚಾಚಿದ ಗಸ್ ವಂಶಾವಳಿಯನ್ನೂ ಏರಿಸಿದ್ದಾರೆ. ಒಂದೂ ಪೂರಾ ಬೇಯುವುದಿಲ್ಲ.

ಇದಕ್ಕಿಂತ ಘೋರ ಲೋಪ, ಬೀಗರು ಮೂಲೆಗೆ ಸರಿದದ್ದು. ಮೂಲದಲ್ಲಿ ಸುಟ್ಟ ಕುರಿಯ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತ ಮಿಲ್ಲರ್ ದಂಪತಿಯ ಮುಖದಲ್ಲೇ ಗ್ರೀಕರ ಗದ್ದಲ ನಮಗೆ ಕಂಡಿದ್ದು. ಕಕ್ಕಾಬಿಕ್ಕಿಯಾಗುವವರೇ ಇಲ್ಲದ ಮೇಲೆ ಸಂಸ್ಕೃತಿಭೇದವೆಲ್ಲಿ?

ಫಲಶ್ರುತಿ: ಓದುಗರು 2002ರದನ್ನು ಇಡಿಯಾಗಿ ನೋಡುವುದು, 2016ರದನ್ನು ಮರಿಯಾ ತೆರೆಗೆ ಬಂದಾಗ ಮಾತ್ರ.