ಒಬ್ಬ ಹುಡುಗ, ನಾಲ್ಕು ಕಡತ

ಮಾದಕ ವಸ್ತುಗಳ ವಿರುದ್ಧ ನಮ್ಮ ಸರ್ಕಾರ ಸಮರ ಸಾರಿ ವರ್ಷಗಳಾದವು. ಸೇನಾಪತಿಗಳಿಗಂತೂ ಬರವಿಲ್ಲ. ಮಾದಕ ವಸ್ತು ನಿಯಂತ್ರಣ ಬ್ಯೂರೋ, ಅಂದರೆ ಎನ್‌ಸಿಬಿ, ಗೃಹ ಇಲಾಖೆಯದು. ಬಂದರುಗಳಲ್ಲಿ ಕಂಟೇನರ್ ಬಿಚ್ಚಿ ನೋಡುವ ಡಿಆರ್‌ಐ ಹಣಕಾಸು ಇಲಾಖೆಯದು. ಗ್ವಾಲಿಯರ್‌ನಲ್ಲಿರುವ ಕೇಂದ್ರೀಯ ನಾರ್ಕೋಟಿಕ್ಸ್ ಬ್ಯೂರೋ ಕೂಡ ಹಣಕಾಸಿನದೇ; ಅದು ಅಫೀಮು ಬೆಳೆಯಲು ರೈತರಿಗೆ ಪರವಾನಗಿ ಕೊಡುತ್ತದೆ, ಪರವಾನಗಿ ಇಲ್ಲದೆ ಬೆಳೆದವರನ್ನು ಹಿಡಿಯುತ್ತದೆ. ವ್ಯಸನಮುಕ್ತಿ ಸಾಮಾಜಿಕ ನ್ಯಾಯ ಇಲಾಖೆಗೆ, ಆಸ್ಪತ್ರೆಯ ಹಾಸಿಗೆ ಆರೋಗ್ಯ ಇಲಾಖೆಗೆ. ಚಟಕ್ಕೊಬ್ಬ ಮಂತ್ರಿ, ಚಿಕಿತ್ಸೆಗೊಬ್ಬ ಮಂತ್ರಿ ಯಾಕೆಂದು ಕೇಳಬೇಡಿ. ಖಾತೆ ಹಂಚುವವರ ಕಷ್ಟ ನಮಗೇನು ಗೊತ್ತು?

ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಲು 2016ರಲ್ಲಿ ಎನ್‌ಕಾರ್ಡ್ ಎಂಬ ವ್ಯವಸ್ಥೆ ಬಂತು. 2019ರಲ್ಲಿ ಅದಕ್ಕೆ ನಾಲ್ಕು ಅಂತಸ್ತು ಕಟ್ಟಿದರು. ತುದಿಯಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ, ಕೆಳಗಿಳಿದರೆ ರಾಜ್ಯದ ಮುಖ್ಯ ಕಾರ್ಯದರ್ಶಿ, ತಳದಲ್ಲಿ ಜಿಲ್ಲಾಧಿಕಾರಿ. ಗಾಂಜಾಕ್ಕೆ ಪಾಪ ಅಂತಸ್ತುಗಳಿಲ್ಲ. ಅದು ನೇರವಾಗಿ ಹುಡುಗನ ಜೇಬಿಗೆ ಬರುತ್ತದೆ.

ತಳದ ಅಂತಸ್ತಿಗೇ, ಜಿಲ್ಲಾಧಿಕಾರಿಯ ಸಭೆಗೇ ಹೋಗೋಣ. ಎಸ್‌ಪಿ ಪರವಾಗಿ ಡಿವೈಎಸ್‌ಪಿ, ಡಿಡಿಪಿಐ ಪರವಾಗಿ ವಿಷಯ ಪರಿವೀಕ್ಷಕರು, ಡಿಎಚ್‌ಓ ಪರವಾಗಿ ಯಾರು ಸಿಕ್ಕರೋ ಅವರು. ಇದು ಯಾವ ವಿಷಯದ ಸಭೆ ಎಂಬುದು ಎಷ್ಟೋ ಮಂದಿಗೆ ಗೋಡೆಯ ಬ್ಯಾನರ್ ಓದಿದ ಮೇಲೆ ಗೊತ್ತಾಗುತ್ತದೆ. ಮೊದಲಿಗೆ ಹಿಂದಿನ ಸಭೆಯ ಅನುಪಾಲನಾ ವರದಿ. ಕಾಲೇಜುಗಳ ಸುತ್ತ ನಿಗಾ ಇಡಲು ಸೂಚಿಸಲಾಗಿತ್ತು, ಇಡಲಾಗಿದೆ. ಚೀಟಿ ಇಲ್ಲದೆ ನಿದ್ದೆ ಮಾತ್ರೆ ಮಾರದಂತೆ ಔಷಧ ಅಂಗಡಿಗಳಿಗೆ ಸೂಚಿಸಲು ಸೂಚಿಸಲಾಗಿತ್ತು, ಸೂಚಿಸಲಾಗಿದೆ.

"ಜಾಥಾ ಎಷ್ಟಾಯ್ತು?"

"ಗುರಿಗಿಂತ ಎರಡು ಜಾಸ್ತಿ ಸಾರ್. ಪ್ರತಿಜ್ಞೆ ಎಲ್ಲ ಶಾಲೆಯಲ್ಲೂ ಆಗಿದೆ, ಫೋಟೋ ಅಪ್‌ಲೋಡ್ ಮಾಡಿದೀವಿ."

"ಚಿಕಿತ್ಸೆಗೆ ಎಷ್ಟು ಜನ ಬಂದ್ರು?"

"ಮನೋವೈದ್ಯರ ಹುದ್ದೆ ಖಾಲಿ ಇದೆ ಸಾರ್."

"ಅದನ್ನ ಬೇರೆ ಕಡತದಲ್ಲಿ ಮಂಡಿಸ್ರೀ."

ಈ ಸಭೆಯಲ್ಲಿ ನನ್ನ ಪೂರ್ಣ ಸಹಾನುಭೂತಿ ಅಬಕಾರಿಯವರಿಗೆ. ಕರ್ನಾಟಕದಲ್ಲಿ ಗಾಂಜಾ ಹಿಡಿಯುವ ಅಧಿಕಾರ ಅವರಿಗೂ ಇದೆ. ಬೆಳಿಗ್ಗೆ 'ನಶಾಮುಕ್ತ ಜಿಲ್ಲೆ'ಗಾಗಿ ತಲೆಯಾಡಿಸಿ, ಮಧ್ಯಾಹ್ನ ಮದ್ಯ ಮಾರಾಟ ಯಾಕೆ ಕುಸಿಯಿತೆಂದು ಮೇಲಿನವರಿಗೆ ಸಮಜಾಯಿಷಿ ಕೊಡಬೇಕು. 2025-26ರ ಬಜೆಟ್ಟು ಆ ಇಲಾಖೆಗೆ ಹೊರಿಸಿದ ಗುರಿ 40,000 ಕೋಟಿ ರೂಪಾಯಿ. ಸಂವಿಧಾನದ 47ನೇ ವಿಧಿ ಮದ್ಯವನ್ನೂ ಮಾದಕ ದ್ರವ್ಯವನ್ನೂ ಒಂದೇ ಉಸಿರಿನಲ್ಲಿ ಹೇಳಿ ಎರಡನ್ನೂ ನಿಷೇಧಿಸಲು ಯತ್ನಿಸಿ ಎಂದಿತು. ನಾವು ಒಂದಕ್ಕೆ ಜೈಲು ಕಟ್ಟಿದೆವು, ಇನ್ನೊಂದಕ್ಕೆ ನಿಗಮ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ, ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಎಂದಿತು. ಉಳಿದ 37 ಜನ ಬೊಕ್ಕಸ ತುಂಬುವ ದೇಶಸೇವೆಯಲ್ಲಿ ಇದ್ದಾರೆ. ಅವರನ್ನು ಕರೆದು ತೊಂದರೆ ಕೊಡುವುದು ಸರಿಯಲ್ಲ.

ಸಮರದ ಜಯವನ್ನು ಅಳೆಯುವುದು ಕೆಜಿಯಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಕಲ್ಲಿನ ಹೆಸರಲ್ಲಿ ಬಂದಿದ್ದ ಸುಮಾರು 3,000 ಕೆಜಿ ಹೆರಾಯಿನ್ ಡಿಆರ್‌ಐ ಕೈಗೆ ಸಿಕ್ಕಿತು. ಒಳ್ಳೆಯ ಕೆಲಸವೇ. 2023ರ ಜುಲೈ 17ರಂದು ದೆಹಲಿಯ ಸಮ್ಮೇಳನದಲ್ಲಿ ಗೃಹ ಸಚಿವರು ಪರದೆಯ ಮೇಲೆ ನೋಡುತ್ತಿದ್ದಂತೆ ಬೇರೆ ಬೇರೆ ಊರುಗಳಲ್ಲಿ 1.44 ಲಕ್ಷ ಕೆಜಿ ಮಾಲು ನಾಶವಾಯಿತು. ಅಷ್ಟು ಸಲೀಸಾದ ಇಲಾಖಾ ಸಮನ್ವಯವನ್ನು ಚಿಕಿತ್ಸೆಯ ವಿಷಯದಲ್ಲಿ ನಾನಂತೂ ಕಂಡಿಲ್ಲ. ಇನ್ನು ಮಥುರಾದಲ್ಲಿ, ಠಾಣೆಯ ಉಗ್ರಾಣದಲ್ಲಿಟ್ಟಿದ್ದ 500 ಕೆಜಿಗೂ ಹೆಚ್ಚು ಗಾಂಜಾವನ್ನು ಇಲಿಗಳು ತಿಂದವೆಂದು 2022ರಲ್ಲಿ ಪೊಲೀಸರು ನ್ಯಾಯಾಲಯಕ್ಕೇ ಹೇಳಿದರು. ಪುರಾವೆ ಕೊಡಿ ಎಂದಿತು ನ್ಯಾಯಾಲಯ. ಅಂತಸ್ತು, ಅಧ್ಯಕ್ಷರು, ನಡಾವಳಿ ಒಂದೂ ಇಲ್ಲದೆ ವಿಲೇವಾರಿ ಮುಗಿಸಿದ ಆ ಇಲಿಗಳನ್ನು ಯಾವ ಸಮಿತಿಗೂ ನಾಮಕರಣ ಮಾಡಲಿಲ್ಲ.

ಕೆಜಿಗೆ ಸಿಗದವನು ಹುಡುಗ. ಅವನು ಪೊಲೀಸರ ಕಡತದಲ್ಲಿ ಆರೋಪಿ, ಏಕೆಂದರೆ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್‌ನಂತೆ ಸೇದುವುದೂ ಅಪರಾಧ. ಸಾಮಾಜಿಕ ನ್ಯಾಯದವರ ಕಡತದಲ್ಲಿ ಫಲಾನುಭವಿ. ಆಸ್ಪತ್ರೆಯ ಕಡತದಲ್ಲಿ ಹೊರರೋಗಿ. ಕಾಲೇಜಿನಲ್ಲಿ ಹಾಜರಿ ಕೊರತೆ. ಅದೇ ಕಾಯ್ದೆಯ 64ಎ ಸೆಕ್ಷನ್, ತಾನಾಗಿಯೇ ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅಂಥವನಿಗೆ ವಿಚಾರಣೆಯಿಂದ ವಿನಾಯಿತಿ ಕೊಡುತ್ತದೆ. ಎಂಥ ಕರುಣೆ! ಕೇಂದ್ರ ಎಲ್ಲಿದೆ ಎಂದು ಹುಡುಕುವ ಹೊಣೆಯನ್ನು ಮಾತ್ರ ನಡುಗುವ ಕೈಗಳ ಅವನಿಗೇ ಬಿಟ್ಟಿದೆ.

ಅವನ ಬದಲು ಅಮ್ಮ ಫೋನ್ ಮಾಡುತ್ತಾಳೆ. 1933 ಗೃಹ ಇಲಾಖೆಯ ಸಹಾಯವಾಣಿ, 14446 ಸಾಮಾಜಿಕ ನ್ಯಾಯದ್ದು. ಮೊದಲನೆಯದಕ್ಕೆ ಮಾಡಿ ಚಟ ಬಿಡಿಸಬೇಕೆಂದರೆ ಎರಡನೆಯದಕ್ಕೆ ದಾಟಿಸುತ್ತಾರೆ. ದೇಶದ ಸಮನ್ವಯದಲ್ಲಿ ನಿಜಕ್ಕೂ ನಡೆಯುವ ಭಾಗ ಇದೇ ಇರಬೇಕು. ಆ ಕಡೆಯ ದನಿ ಸೌಜನ್ಯದಿಂದ ಕೇಂದ್ರದ ವಿಳಾಸ ಕೊಡುತ್ತದೆ. ಊರು ಪಕ್ಕದ ಜಿಲ್ಲೆಯಲ್ಲಿ, ಬಸ್ಸು ಬೆಳಗಿನ ಜಾವ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತ. ಮಗನಿಗೆ ಪೂರ್ತಿ ಟಿಕೆಟ್. ಕಂಡಕ್ಟರ್ ಚಿಲ್ಲರೆ ಕೇಳುತ್ತಾನೆ.